ಪಿಕಪ್ಪಿನ ಹಿಂಬಾಗಿಲು ಮತ್ತು ಗಾಳಿಯ ಲೆಕ್ಕ

ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ದಿನ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. "ಸರ್, ಪಿಕಪ್ಪಿನ ಹಿಂದಿನ ಬಾಗಿಲು ಇಳಿಸಿ ಓಡಿಸಿದ್ರೆ ಡೀಸೆಲ್ ಉಳೀತದಾ?" ಅಂತ ಕೇಳಿದ. ಅವನ ಅಪ್ಪ ಬಾಡಿಗೆಗೆ ಪಿಕಪ್ ಓಡಿಸುವವರು. ಅಡಿಕೆಯೋ ತೆಂಗಿನಕಾಯಿಯೋ ತುಂಬಿಸಿಕೊಂಡು ಮಂಗಳೂರಿಗೆ ಹೋಗಿ, ಖಾಲಿ ಗಾಡಿಯಲ್ಲಿ ವಾಪಸು ಬರುವಾಗ ಹಿಂಬಾಗಿಲು ಇಳಿಸಿಯೇ ಬರುವುದಂತೆ. ಬಾಗಿಲು ಮುಚ್ಚಿದ್ದರೆ ಗಾಳಿ ಅದಕ್ಕೆ ಬಡಿದು ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ ಎಂಬುದು ಅವರ ಲೆಕ್ಕ.

ನಾನು ಹೆಚ್ಚು ಯೋಚಿಸದೆ "ಹೌದು, ಸ್ವಲ್ಪ ಉಳಿಯಬಹುದು" ಎಂದುಬಿಟ್ಟೆ. ಹೇಳಿದ್ದು ತಪ್ಪು ಎಂದು ಗೊತ್ತಾದದ್ದು ಆಮೇಲೆ. ಆ ತಪ್ಪಿನಿಂದ ಶುರುವಾದ ಒಂದು ಸಣ್ಣ ಕೆಲಸದ ಬಗ್ಗೆ, ಮತ್ತು ಅದರಿಂದ ನನಗೆ ಅನ್ನಿಸಿದ್ದರ ಬಗ್ಗೆ ಇವತ್ತು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದಲ್ಲಿ ಒಂದು ವಿಚಿತ್ರ ಹವ್ಯಾಸದ ಜನ ಇದ್ದಾರೆ. ಕಾರಿಗೆ ಮನೆಯಲ್ಲೇ ರಟ್ಟು, ಅಲ್ಯೂಮಿನಿಯಂ ತಗಡು, ಜಾಹೀರಾತು ಫಲಕಕ್ಕೆ ಬಳಸುವ ಹಗುರ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿ, ಗಾಳಿಯ ತಡೆ ಕಡಿಮೆ ಮಾಡಿ ಪೆಟ್ರೋಲ್ ಉಳಿಸುವವರು. ಮುಂದಿನ ಗ್ರಿಲ್ಲಿನ ತೂತುಗಳನ್ನು ಅರ್ಧ ಮುಚ್ಚುತ್ತಾರೆ. ಕಾರಿನ ಹೊಟ್ಟೆಯ ಕೆಳಗೆ ನುಣುಪಾದ ಹಾಳೆ ಬಿಗಿಯುತ್ತಾರೆ. ಹಿಂದಿನ ಚಕ್ರಗಳಿಗೆ ಮುಚ್ಚಳ, ಕಾರಿನ ಹಿಂಭಾಗಕ್ಕೆ ದೋಣಿಯ ತುದಿಯಂತೆ ಸಣ್ಣದಾಗುತ್ತಾ ಹೋಗುವ ಬಾಲ. ಹೀಗೆ ಬದಲಾಯಿಸಿದ 1992ರ ಮಾದರಿಯ ಹೋಂಡಾ ಸಿವಿಕ್ ಒಂದು 'ಏರೋಸಿವಿಕ್' ಎಂಬ ಹೆಸರಲ್ಲಿ ಪ್ರಸಿದ್ಧ. ಗಂಟೆಗೆ ಸುಮಾರು 105 ಕಿಲೋಮೀಟರ್ ವೇಗದಲ್ಲಿ ಲೀಟರಿಗೆ 40 ಕಿಲೋಮೀಟರ್ ಬರುತ್ತದೆ ಎಂದು ಅದರ ಮಾಲಕರ ಸ್ವಂತ ಅಳತೆ. ನೋಡಲಿಕ್ಕೆ ಮಾತ್ರ ಚಂದ ಇಲ್ಲ, ದೊಡ್ಡ ಮೀನಿಗೆ ಚಕ್ರ ಇಟ್ಟ ಹಾಗೆ ಉಂಟು!

ಇದನ್ನು ಹುಚ್ಚು ಎಂದು ನಗುವ ಮೊದಲು ಇನ್ನೊಂದು ಕತೆ ಕೇಳಿ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಡ್ರೈಡನ್ ಕೇಂದ್ರದಲ್ಲಿ ಎಡ್ವಿನ್ ಸಾಲ್ಟ್ಸ್‌ಮನ್ ಎಂಬ ಎಂಜಿನಿಯರ್ ಇದ್ದರು. ಅವರು ಸೈಕಲ್ ತುಳಿಯುವಾಗ ದೊಡ್ಡ ಲಾರಿಗಳು ಪಕ್ಕದಲ್ಲಿ ಹಾದು ಹೋದರೆ ಗಾಳಿ ಮೊದಲು ಅವರನ್ನು ಆಚೆ ನೂಕುತ್ತಿತ್ತು, ಮತ್ತೆ ಈಚೆ ಎಳೆಯುತ್ತಿತ್ತು. ಹೆದ್ದಾರಿಯಲ್ಲಿ ಸೈಕಲ್ ತುಳಿದ ನಮಗೆಲ್ಲ ಆದ ಅನುಭವವೇ. ನಾವು ಬೈದು ಸುಮ್ಮನಾದೆವು, ಅವರು ಯೋಚಿಸಿದರು. ಲಾರಿ ಇಷ್ಟು ಗಾಳಿಯನ್ನು ದೂಡಲಿಕ್ಕೆ ಎಷ್ಟು ಡೀಸೆಲ್ ಸುಡುತ್ತಿರಬಹುದು? 1973ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಒಂದು ಹಳೆಯ ಫೋರ್ಡ್ ವ್ಯಾನಿಗೆ ಸುತ್ತಲೂ ಅಲ್ಯೂಮಿನಿಯಂ ತಗಡು ಹೊಡೆದು ಚೌಕಾಕಾರದ ಡಬ್ಬಿಯಂತೆ ಮಾಡಿದರು. ಅದಕ್ಕೆ 'ಚಪ್ಪಲಿ ಡಬ್ಬಿ' ಎಂಬರ್ಥದ ಅಡ್ಡಹೆಸರೂ ಬಿತ್ತು. ನಂತರ ಅದರ ಮೂಲೆಗಳನ್ನು ಒಂದೊಂದಾಗಿ ದುಂಡಗೆ ಮಾಡುತ್ತಾ ಅಳೆದರು. ನೆಟ್ಟಗಿನ ಮೂಲೆಗಳನ್ನು ದುಂಡಗೆ ಮಾಡಿದ್ದಕ್ಕೇ ಗಾಳಿಯ ತಡೆ 40% ಇಳಿಯಿತು. ಅಡ್ಡ ಮೂಲೆಗಳನ್ನೂ ಸೇರಿಸಿದಾಗ 54%. ಒಳಗಿನ ಜಾಗದಲ್ಲಿ ಕಳೆದುಕೊಂಡದ್ದು ಕೇವಲ 3%. ಇವತ್ತು ಲಾರಿಗಳ ಮುಂಭಾಗ ದುಂಡಗಿರುವುದರ ಹಿಂದೆ ಇಂಥ ಪ್ರಯೋಗಗಳ ಪಾಲು ಇದೆ.

ಅಂದ ಹಾಗೆ, ಅವರು ಅಳೆದದ್ದು ಹೇಗೆ ಗೊತ್ತೇ? ಗಾಡಿಯನ್ನು ವೇಗಕ್ಕೆ ತಂದು, ಎಂಜಿನಿನ ಹಂಗು ಬಿಡಿಸಿ ಉರುಳಲು ಬಿಟ್ಟು, ವೇಗ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಿದರು. ತಡೆ ಹೆಚ್ಚಿದ್ದರೆ ಬೇಗ ಇಳಿಯುತ್ತದೆ. ನಮ್ಮ ಒಂಬತ್ತನೇ ತರಗತಿಯ ಪಾಠದ ಚಲನೆಯ ನಿಯಮ, ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಸುಮಾರು 1000 ಕಿಲೋ ತೂಗುವ ಸಾಧಾರಣ ಕಾರು ತೆಗೆದುಕೊಂಡರೆ, 40 ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆ ಹತ್ತಿರ ಹತ್ತಿರ 50 ನ್ಯೂಟನ್, ಟಯರುಗಳು ಉರುಳುವ ತಡೆ ಅದರ ಎರಡರಷ್ಟಕ್ಕಿಂತ ಹೆಚ್ಚು, ಸುಮಾರು 120. ವೇಗ 60 ದಾಟುವ ಹೊತ್ತಿಗೆ ಎರಡೂ ಸಮ ಆಗುತ್ತವೆ. 80ರಲ್ಲಿ ಗಾಳಿ 200 ನ್ಯೂಟನ್, 100ರಲ್ಲಿ 320! ಟಯರಿನದ್ದು ಹೆಚ್ಚು ಬದಲಾಗುವುದಿಲ್ಲ. ಅಂದರೆ ಪೇಟೆಯಲ್ಲಿ, ನಮ್ಮ ಗುಡ್ಡದ ತಿರುವು ರಸ್ತೆಗಳಲ್ಲಿ ಎಂಥ ಬಾಲ ಕಟ್ಟಿದರೂ ದೊಡ್ಡ ಪ್ರಯೋಜನ ಇಲ್ಲ. ಹೆದ್ದಾರಿಯಲ್ಲಿ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ತಲಪಾಡಿಯಿಂದ ಚೆಂಗಳದವರೆಗೆ ರಸ್ತೆ ಆರು ಪಥವಾದ ಮೇಲೆ ನಮ್ಮವರ ವೇಗವೂ ಏರಿದೆ. ಹಾಗಾಗಿ ಈ ಲೆಕ್ಕ ಈಗ ನಮಗೂ ಬೇಕಾಗಿದೆ.

ಮೊದಲಿನ ಪ್ರಶ್ನೆಗೆ ಬರುತ್ತೇನೆ. ಆ ಹುಡುಗನಿಗೆ ನನ್ನ ಉತ್ತರ ಸಾಕಾಗಲಿಲ್ಲ ಎಂದು ಕಾಣುತ್ತದೆ. "ನೋಡುದು ಹೇಗೆ ಸರ್?" ಎಂದ. ಒಳ್ಳೆಯ ಪ್ರಶ್ನೆ. ಇಬ್ಬರು ಮೂವರು ಗೆಳೆಯರು ಸೇರಿದರು. ಥರ್ಮೊಕೋಲಿನಲ್ಲಿ ಪಿಕಪ್ ಮಾಡಿದರು, ಉದ್ದದ ಡಬ್ಬಿಯೊಂದನ್ನೂ ಮಾಡಿದರು. ದಾರದಲ್ಲಿ ತೂಗುಹಾಕಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು, ಹಿಂದೆ ಗ್ರಾಫ್ ಕಾಗದ ಅಂಟಿಸಿ, ಎಷ್ಟು ಹಿಂದಕ್ಕೆ ಸರಿಯುತ್ತದೆ ಎಂದು ಅಳೆದರು. ಫ್ಯಾನಿನ ಗಾಳಿ ಸುತ್ತಿಕೊಂಡು ಬರುವುದರಿಂದ ಮಾದರಿ ಬುಗುರಿಯಂತೆ ತಿರುಗಿತು. ಜ್ಯೂಸ್ ಕುಡಿಯುವ ಸ್ಟ್ರಾಗಳನ್ನು ಕಟ್ಟು ಮಾಡಿ ಮಧ್ಯೆ ಇಟ್ಟ ಮೇಲೆ ಗಾಳಿ ಸುಮಾರಾಗಿ ನೇರವಾಯಿತು.

ಡಬ್ಬಿಯ ಮುಂದಿನ ಮೂಲೆ ದುಂಡಗೆ ಮಾಡಿದಾಗ ಸರಿಯುವುದು ಚೆನ್ನಾಗಿ ಕಡಿಮೆಯಾಯಿತು. ಮೂಗು ಇನ್ನೂ ಚೂಪು ಮಾಡಿದರೆ ಇನ್ನೂ ಕಡಿಮೆಯಾದೀತು ಎಂದುಕೊಂಡದ್ದು ಸುಳ್ಳಾಯಿತು, ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ಹಿಂದೆ ಬಾಲ ಅಂಟಿಸಿದಾಗ ಮತ್ತೆ ಇಳಿಯಿತು. ಎಲ್ಲರೂ ಖುಷಿಯಲ್ಲಿದ್ದಾಗ ಪಿಕಪ್ಪಿನ ಹುಡುಗನೇ ಹೇಳಿದ, "ಸರ್, ಬಾಲ ಹಾಕಿದ ಮೇಲೆ ತೂಕ ಹೆಚ್ಚಾಯ್ತಲ್ಲ, ಅದಕ್ಕೇ ಕಡಿಮೆ ಸರಿದಿರಬಹುದು." ನನಗೆ ಅದು ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಬಾಲ ಇಲ್ಲದ ಡಬ್ಬಿಯೊಳಗೆ ಮರಳು ಹಾಕಿ ತೂಕ ಸಮ ಮಾಡಿ ಪುನಃ ಅಳೆದರು. ಬಾಲದ ಲಾಭ ಮೊದಲಿನ ಅರ್ಧಕ್ಕೆ ಇಳಿಯಿತು. ಆದರೆ ಇದ್ದದ್ದು ನಿಜ.

ಪಿಕಪ್ಪಿನ ಬಾಗಿಲು? ತೆರೆದರೂ ಮುಚ್ಚಿದರೂ ನಮ್ಮ ಗ್ರಾಫ್ ಕಾಗದದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಜವಾದ ಗಾಡಿಗಳಲ್ಲಿ ಮಾಡಿದ ಪರೀಕ್ಷೆಗಳು ಹೇಳುವುದು ಇಷ್ಟು: ಮುಚ್ಚಿದ ಬಾಗಿಲಿನ ಒಳಗೆ ಗಾಳಿ ಒಂದು ಸುಳಿಯಾಗಿ ಸುತ್ತುತ್ತಾ ನಿಲ್ಲುತ್ತದೆ, ಮೇಲಿನ ಗಾಳಿ ಆ ಸುಳಿಯ ಮೇಲಿನಿಂದ ಜಾರಿ ಹೋಗುತ್ತದೆ. ಬಾಗಿಲು ಇಳಿಸಿದರೆ ಸುಳಿ ಕೆಡುತ್ತದೆ. ಸಾಮಾನ್ಯವಾಗಿ ಉಳಿತಾಯ ಇಲ್ಲ, ಕೆಲವೊಮ್ಮೆ ನಷ್ಟವೇ. ಹುಡುಗ ಅಪ್ಪನಿಗೆ ಹೇಳಿದ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ, ಆದರೆ ಈಗ ಬಾಗಿಲು ಮುಚ್ಚಿ ಓಡಿಸುತ್ತಾರಂತೆ.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಇದನ್ನೇ ಒಂದು ಶಾಸ್ತ್ರಮೇಳಕ್ಕೆ ತೆಗೆದುಕೊಂಡು ಹೋದೆವು. ಎಡಬಲದಲ್ಲಿ ಬಲ್ಬು ಮಿನುಗುವ, ಮೋಟರು ತಿರುಗುವ, ಅಂಗಡಿಯಿಂದ ತಂದ ಮಾದರಿಗಳು. ನಮ್ಮದು ದಾರ, ಥರ್ಮೊಕೋಲ್, ಗ್ರಾಫ್ ಕಾಗದ. ತೀರ್ಪುಗಾರರಿಗೆ ಕನ್ನಡ ಬರುತ್ತಿರಲಿಲ್ಲ. ಮರಳು ಹಾಕಿ ತೂಕ ಸಮ ಮಾಡಿದ್ದನ್ನು ಹುಡುಗ ಕನ್ನಡದಲ್ಲಿ ಶುರುಮಾಡಿ, ಮಲಯಾಳಕ್ಕೆ ಹಾರಿ, ಇಂಗ್ಲಿಷಿನಲ್ಲಿ ಎರಡು ಶಬ್ದ ಹುಡುಕಿ, ಕೊನೆಗೆ ಸುಮ್ಮನಾದ. ಅವರು "ಇದರಲ್ಲಿ ಕೆಲಸ ಮಾಡುವಂಥದ್ದು ಏನಿದೆ?" ಎಂದು ಕೇಳಿ ಮುಂದೆ ಹೋದರು. ಎರಡು ನಿಮಿಷವೂ ಆಗಿರಲಿಲ್ಲ.

ಬಹುಮಾನ ಬರಲಿಲ್ಲ ಎಂಬ ದುಃಖ ನನ್ನದಲ್ಲ. ತೀರ್ಪುಗಾರರನ್ನು ದೂರುವುದಕ್ಕೂ ಇದನ್ನು ಬರೆದದ್ದಲ್ಲ, ಅವರು ಒಂದೇ ದಿನದಲ್ಲಿ ಎಷ್ಟೋ ಮಕ್ಕಳನ್ನು ನೋಡಬೇಕು. ಆದರೆ ಎರಡು ಮಾತು ಹೇಳಲೇಬೇಕು. ಕನ್ನಡ ಮಾಧ್ಯಮದ ಮಕ್ಕಳು ಸ್ಪರ್ಧಿಸುವ ಕಡೆ ಕನ್ನಡ ತಿಳಿದ ಒಬ್ಬ ತೀರ್ಪುಗಾರರು ಇರಬೇಕು. ಇದು ಉಪಕಾರ ಬೇಡುವುದಲ್ಲ, ಮಗು ಯೋಚಿಸಿದ ಭಾಷೆಯಲ್ಲೇ ಅದರ ಯೋಚನೆಯನ್ನು ಅಳೆಯಬೇಕೆಂಬ ಸಾಮಾನ್ಯ ನ್ಯಾಯ. ಎರಡನೆಯದು ನಮಗೇ ಹೇಳಿಕೊಳ್ಳಬೇಕಾದದ್ದು. 'ವಾಯುಪ್ರತಿರೋಧ' ಎಂಬ ಶಬ್ದವನ್ನು ನಾನು ಎಷ್ಟೋ ವರ್ಷ ಬೋರ್ಡಿನಲ್ಲಿ ಬರೆದಿದ್ದೇನೆ, ಮಕ್ಕಳು ಪರೀಕ್ಷೆಯಲ್ಲಿ ಬರೆದಿದ್ದಾರೆ. ಆದರೆ ಅದರ ಬಗ್ಗೆ ಹತ್ತು ನಿಮಿಷ ಮಾತಾಡಲು, ವಾದ ಮಾಡಲು ಬಿಟ್ಟದ್ದು ಎಷ್ಟು ಸಲ? ಬಿಟ್ಟಿದ್ದರೆ ಆ ಹುಡುಗ ಯಾರೆದುರೂ ಸುಮ್ಮನಾಗುತ್ತಿರಲಿಲ್ಲ. ಮಲಯಾಳದಲ್ಲಾದರೂ ದಾಟಿಸುತ್ತಿದ್ದ.

ಅಮೆರಿಕದ ಆ ರಟ್ಟು ಅಂಟಿಸುವವರಿಂದ ನಮ್ಮ ಶಾಲೆಗಳು ಕಲಿಯಬೇಕಾದದ್ದು ಬಾಲ ಕಟ್ಟುವುದನ್ನಲ್ಲ. ಅವರಲ್ಲಿ ಒಳ್ಳೆಯವರು ಕಾರಿನ ಮೈಗೆ ಉಣ್ಣೆಯ ಎಳೆಗಳನ್ನು ಅಂಟಿಸಿ ಗಾಳಿ ಎಲ್ಲಿ ಮೈಗೆ ಹತ್ತಿ ಹರಿಯುತ್ತದೆ, ಎಲ್ಲಿ ಬಿಟ್ಟು ಸುಳಿಯಾಗುತ್ತದೆ ಎಂದು ನೋಡುತ್ತಾರೆ. ಒಂದು ಸಲ ಬದಲಾವಣೆ ಇಲ್ಲದೆ, ಒಂದು ಸಲ ಬದಲಾವಣೆ ಮಾಡಿ, ಪುನಃ ಅದನ್ನು ತೆಗೆದು, ಒಂದೇ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಓಡಿಸಿ ಅಳೆಯುತ್ತಾರೆ. ಲಾಭ ಬರದಿದ್ದರೆ ಬರಲಿಲ್ಲ ಎಂದು ಬರೆಯುತ್ತಾರೆ. ಇಷ್ಟನ್ನು ನಮ್ಮ ಮಕ್ಕಳು ಕಲಿತರೆ ನಾಳೆ 'ಈ ಕಾಂತ ಹಾಕಿದರೆ ಮೈಲೇಜು ಡಬಲ್' ಎಂದು ಮಾರಲು ಬರುವವನಿಗೂ, ಇನ್ನೂ ದೊಡ್ಡ ಸುಳ್ಳು ಮಾರಲು ಬರುವವನಿಗೂ ಒಂದೇ ಪ್ರಶ್ನೆ ಕೇಳುತ್ತಾರೆ. ಅಳೆದು ನೋಡಿದ್ದೀರಾ?

ಇದನ್ನು ಓದಿ ಯಾರೂ ತಗಡು ಹಿಡಿದು ಕಾರಿನ ಕೆಳಗೆ ನುಗ್ಗಬೇಡಿ. ಸೈಲೆನ್ಸರಿನ ಬಿಸಿಗೆ ಪ್ಲಾಸ್ಟಿಕ್ ಕರಗಬಹುದು, ಬೆಂಕಿಯೂ ಹಿಡಿಯಬಹುದು. ಎಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಗ್ರಿಲ್ ಮುಚ್ಚಿದರೆ ಎಂಜಿನ್ ಕುದಿಯುತ್ತದೆ. ಕಾನೂನೂ ಬಿಡುವುದಿಲ್ಲ. ನೋಂದಾಯಿಸಿದ ರೂಪವನ್ನು ಬದಲಾಯಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ನಮ್ಮ ಕೇರಳದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಕಾನೂನು ಅಡ್ಡಿ ಬಾರದ ಉಪಾಯಗಳು ಇವೆ. ಕಾರಿನ ತಲೆಯ ಮೇಲೆ ಸಾಮಾನು ಪೆಟ್ಟಿಗೆ ಇದ್ದರೆ ಕೆಲಸ ಮುಗಿದ ಕೂಡಲೇ ಇಳಿಸಿ. ದೊಡ್ಡ ಮೊಂಡು ಪೆಟ್ಟಿಗೆ ಹೆದ್ದಾರಿಯಲ್ಲಿ ಮೈಲೇಜನ್ನು 6ರಿಂದ 17% ಇಳಿಸುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಲೋಡಿನ ಟರ್ಪಾಲನ್ನು ಬಿಗಿಯಾಗಿ ಕಟ್ಟಿ, ಪಟಪಟ ಹಾರಲು ಬಿಡಬೇಡಿ. ಟಯರಿನ ಗಾಳಿ ನೋಡಿಸಿ. 100ರಲ್ಲಿ ಹೋಗುವವರು 80ಕ್ಕೆ ಇಳಿದರೆ ಗಾಳಿಯ ತಡೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ವರ್ಷಕ್ಕೆ 12,000 ಕಿಲೋಮೀಟರ್ ಓಡುವ, ಲೀಟರಿಗೆ 18 ಕೊಡುವ ಕಾರಿನಲ್ಲಿ 5% ಉಳಿದರೂ 33 ಲೀಟರ್ ಆಯಿತು. ಪೆಟ್ರೋಲ್ 100 ರೂಪಾಯಿ ದಾಟಿರುವಾಗ 3300ಕ್ಕಿಂತ ಹೆಚ್ಚು. ಅಗ್ಗ ಎಂದು ತಲಪಾಡಿ ದಾಟಿ ಪೆಟ್ರೋಲ್ ಹಾಕಿಸಲು ಹೋಗುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರೆಂಟಿನ ಕಾರು ಬಂದ ಮೇಲೆ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಅಲ್ಲಿ ಎಂಜಿನಿನ ಬಿಸಿಯಲ್ಲಿ ಪೋಲಾಗುವ ಶಕ್ತಿ ಕಡಿಮೆ, ಆದ್ದರಿಂದ ಹೆದ್ದಾರಿಯಲ್ಲಿ ಗಾಳಿ ತಿನ್ನುವ ಪಾಲೇ ದೊಡ್ಡದಾಗಿ ಕಾಣುತ್ತದೆ. ಒಂದು ಚಾರ್ಜಿಗೆ ಎಷ್ಟು ದೂರ ಎಂಬುದು ಅದರ ಮೇಲೆ ನಿಂತಿದೆ. ಈ ಪಾಠ ಹಳತಾಗುವುದಿಲ್ಲ.

ಆ ಗ್ರಾಫ್ ಕಾಗದ ಈಗಲೂ ನಮ್ಮ ಲ್ಯಾಬಿನ ಗೋಡೆಯಲ್ಲಿದೆ. ಈ ವರ್ಷದ ಮಕ್ಕಳು ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಮಾದರಿ ಮಾಡಲು ಹೊರಟಿದ್ದಾರೆ. ಈ ಸಲ ಮೊದಲೇ ತೂಕ ನೋಡಿದ್ದಾರೆ. ಮೇಳಕ್ಕೆ ಹೋಗುವ ಮೊದಲು ಪ್ರತಿಯೊಬ್ಬರೂ ಇಡೀ ತರಗತಿಯೆದುರು ನಿಂತು ಹತ್ತು ನಿಮಿಷ ಮಾತಾಡಬೇಕು ಎಂದು ನಿಯಮ ಮಾಡಿದ್ದೇನೆ. ಕನ್ನಡದಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ. ನಿಮ್ಮ ಶಾಲೆಯಲ್ಲಿ ಹೇಗೆ ಮಾಡುತ್ತೀರಿ? ತಿಳಿಸಿ.