ಈ ಬೆವರಿಗೆ ಉತ್ತರ ಕೊಡುವವರು ಯಾರು?

ಬೆವರು ಎಂದೊಡನೆ ಗಿರಣಿಯ ಕೂಲಿಕಾರನಿಗೆ ಪಾಳಿ ನೆನಪಾಗುತ್ತದೆ, ಚಿಕ್ಕ ವ್ಯಾಪಾರಸ್ಥನಿಗೆ ಸಂತೆಯ ದಿನದ ಹೊರೆ ನೆನಪಾಗುತ್ತದೆ. ಬೆವರು ಸುರಿಸಿದವನು ಕೂಲಿ ಕೇಳುತ್ತಾನೆ, ಅದು ನ್ಯಾಯ. ಆದರೆ ಕೈಕಾಲು ನಾಲ್ಕೂ ಸೋತು ಹಾಸಿಗೆ ಹಿಡಿದವನ ಮುಖ, ಕುತ್ತಿಗೆಗಳಿಂದ ಅಂಗಿ ತೊಯ್ಯುವಷ್ಟು ಬೆವರು ಇಳಿದರೆ? "ಧಗೆ, ಫ್ಯಾನು ಹಚ್ಚಿರಿ" ಎನ್ನುತ್ತಾರೆ ನೆರೆಯವರು. "ಅಶಕ್ತಿ, ಟಾನಿಕ್ ಕೊಡಿರಿ" ಎನ್ನುತ್ತಾರೆ ತಿಳಿದವರು. "ಹಣೆಬರಹ" ಎಂದು ಹಿರಿಯರು ಕೈಚೆಲ್ಲುತ್ತಾರೆ. ಇಂಥ ಮಾತಿನ ಮೇಲೆ ನಂಬಿಗೆಯಿಟ್ಟು ಕುಳಿತರೆ ಜೀವಕ್ಕೇ ಅಪಾಯವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಮೇಲವಂಕಿಯಂಥ ಊರಿನಲ್ಲಿ ಕಬ್ಬಿನ ಹೇರಿನ ಮೇಲಿಂದ ಒಬ್ಬನು ತಲೆಕೆಳಗಾಗಿ ಬಿದ್ದನೆನ್ನಿರಿ. ಕುತ್ತಿಗೆಯ ಮಣಿ ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ಮನೆಯವರು ಸಾಲ ಮಾಡಿ ಆಪರೇಶನ್ ಮಾಡಿಸಿ, ಮೂತ್ರದ ನಳಿಗೆ ಹಾಕಿಸಿಕೊಂಡು ಊರಿಗೆ ತರುತ್ತಾರೆ. ಕೈಕಾಲಿನ ಬಲ ಹೋದದ್ದು ಎಲ್ಲರಿಗೂ ಕಾಣುತ್ತದೆ. ರಕ್ತದೊತ್ತಡ, ಮೈಯ ಕಾವು, ಬೆವರು ಇವುಗಳ ಮೇಲೆ ಮೆದುಳಿಗಿದ್ದ ಹಿಡಿತವೂ ಹೋಯಿತೆಂಬುದು ಯಾರಿಗೂ ಕಾಣುವುದಿಲ್ಲ.

ಎದೆಯ ಭಾಗದ ಆರನೆಯ ಮಣಿಯ ಮಟ್ಟದಲ್ಲಿ ಅಥವಾ ಅದರ ಮೇಲೆ ಹುರಿಗೆ ಪೆಟ್ಟಾದವರಿಗೆ ಒಂದು ವಿಶೇಷ ಗಂಡಾಂತರವಿದೆ. ಮೂತ್ರಕೋಶ ತುಂಬಿ ಬಿಗಿದರೂ ಅವರಿಗೆ ನೋವು ತಿಳಿಯದು. ಆದರೆ ಪೆಟ್ಟಿನ ಕೆಳಗಿನ ಹುರಿಗೆ ತಿಳಿಯುತ್ತದೆ, ಅದು ರಕ್ತನಾಳಗಳನ್ನು ಬಿಗಿಯುತ್ತದೆ. ಒತ್ತಡ ಏರುತ್ತದೆ. ಸಡಿಲು ಮಾಡೆಂಬ ಮೆದುಳಿನ ಅಪ್ಪಣೆ ಪೆಟ್ಟಾದ ಜಾಗ ದಾಟಿ ಇಳಿಯಲಾರದು. ತಲೆ ಸಿಡಿಯುತ್ತದೆ, ಮುಖ ಕೆಂಪೇರುತ್ತದೆ, ಪೆಟ್ಟಿನ ಮೇಲ್ಭಾಗ ಬೆವರಿನಿಂದ ತೊಯ್ಯುತ್ತದೆ. ಡಾಕ್ಟರರು ಇದಕ್ಕೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಸಕ್ಕರೆ ಕಾರಖಾನೆಯಲ್ಲಿ ಬಾಯ್ಲರಿನ ಮುಳ್ಳು ಕೆಂಪು ಗೆರೆ ದಾಟಿದಾಗ ಯಾರೂ ಅದರ ಗಾಜು ಒರೆಸುತ್ತ ನಿಲ್ಲುವುದಿಲ್ಲ. ಇಲ್ಲಿಯೂ ಬೆವರು ಒರೆಸುತ್ತ ಕುಳಿತರೆ ಸಾಲದು. ತಡವಾದರೆ ಫಿಟ್ಸು ಬರಬಹುದು, ಮೆದುಳಿನಲ್ಲಿ ರಕ್ತ ಒಡೆದು ಸಾವೂ ಬರಬಹುದು.

ಮಾಡಬೇಕಾದದ್ದೇನು? ಮೊದಲು ಎಬ್ಬಿಸಿ ಕೂಡಿಸಬೇಕು, ಕಾಲು ಕೆಳಗೆ ಬಿಡಬೇಕು. ಮಲಗಿಸಕೂಡದು. ಬಿಗಿ ಬಟ್ಟೆ, ಪಟ್ಟಿಗಳನ್ನು ಸಡಿಲಿಸಬೇಕು. ನಳಿಗೆ ಮಡಚಿದೆಯೇ, ಕಟ್ಟಿಕೊಂಡಿದೆಯೇ, ಚೀಲ ತುಂಬಿದೆಯೇ ನೋಡಬೇಕು. ಬಳಿಕ ಮಲ ಕಟ್ಟಿದೆಯೇ, ಹಾಸಿಗೆ ಹುಣ್ಣು ಎದ್ದಿದೆಯೇ, ಕಾಲಿನ ಉಗುರು ಒಳಗೆ ಚುಚ್ಚಿದೆಯೇ ಎಂದು ಹುಡುಕಬೇಕು. ಬಹಳ ಸಲ ಕಾರಣ ತೆಗೆದೊಡನೆ ಬೆವರೂ ನಿಲ್ಲುತ್ತದೆ. ಕಾರಣ ಸಿಗದಿದ್ದರೆ, ಒತ್ತಡ ಇಳಿಯದಿದ್ದರೆ, ಆ ಕ್ಷಣವೇ ದವಾಖಾನೆಗೆ ಒಯ್ಯಬೇಕು.

ದವಾಖಾನೆಯಲ್ಲಿಯೂ ಎಚ್ಚರ ಬೇಕು. ಕುತ್ತಿಗೆಯ ಹುರಿಗೆ ಪೆಟ್ಟಾದವರ ಮೇಲಿನ ಬಿ.ಪಿ. ಸಾಮಾನ್ಯವಾಗಿ 90ರಿಂದ 110ರ ಒಳಗಿರುತ್ತದೆ. ಅವರಿಗೆ 140 ಬಂದರೆ ಅದು ಅಪಾಯ. ಇದನ್ನು ಅರಿಯದವರು "140 ಅಷ್ಟೇ, ಹೆದರಬೇಡಿರಿ" ಎಂದು ಮನೆಗೆ ಕಳಿಸಿಬಿಡಬಹುದು. ತಮ್ಮ ಎಂದಿನ ಬಿ.ಪಿ. ಎಷ್ಟೆಂದು ಚೀಟಿ ಬರೆದಿಟ್ಟುಕೊಂಡವನು ಬದುಕಿಯಾನು.

ಬೆವರಿಗೆ ಬೇರೆ ಕಾರಣಗಳೂ ಉಂಟು. ಮೂತ್ರದ ಸೋಂಕು ಒಂದು. ಪೆಟ್ಟಾಗಿ ವರ್ಷಗಳಾದ ಮೇಲೆ ಹುರಿಯೊಳಗೆ ನೀರಿನ ಕುಳಿ ಬೀಳುವುದು ಇನ್ನೊಂದು. ಬೆವರು ತಡೆಯುವ ಗುಳಿಗೆಗಳಿವೆ, ಆದರೆ ಅವುಗಳಲ್ಲಿ ಕೆಲವು ಮಲ ಕಟ್ಟಿಸುತ್ತವೆ, ಮಲಬದ್ಧತೆಯಿಂದ ಮತ್ತೆ ಒತ್ತಡ ಏರುತ್ತದೆ. ಆದ್ದರಿಂದ ಡಾಕ್ಟರರನ್ನು ಕೇಳದೆ ನುಂಗಿಸಬಾರದು. ಪೆಟ್ಟಿನ ಕೆಳಗಿನ ಮೈ ಸರಿಯಾಗಿ ಬೆವರುವುದೇ ಇಲ್ಲವೆಂಬುದನ್ನೂ ಮರೆಯಬಾರದು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಪತ್ರೆಯ ಕೆಳಗೆ ಮಲಗಿದವನ ಮೈ ಕಾದು ಜ್ವರದಂತೆ ಏರುತ್ತದೆ. ನೆರಳು, ಗಾಳಿ, ಒದ್ದೆ ಬಟ್ಟೆ ಬೇಕು. ತೊಯ್ದ ಹಾಸಿಗೆಯನ್ನು ಬದಲಿಸಬೇಕು, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಇಲ್ಲವಾದರೆ ಚರ್ಮ ಮೆತ್ತಗಾಗಿ ಹುಣ್ಣಾಗುತ್ತದೆ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ರೋಗಿಗಳ ವಿಭಾಗವನ್ನು 1944ರಲ್ಲಿ ಆರಂಭಿಸಿದ ಡಾ. ಲುಡ್ವಿಗ್ ಗಟ್‌ಮನ್ನರು, ವಿಟ್‌ರಿಜ್ ಎಂಬವರೊಡನೆ 1947ರಲ್ಲಿಯೇ ಇದನ್ನು ವಿವರಿಸಿ ಬರೆದರು. ನಮ್ಮ ದೇಶದ ವೆಲ್ಲೂರಿನಲ್ಲಿ, 1954ರ ಅಪಘಾತದಲ್ಲಿ ತಾವೇ ಕಾಲುಗಳ ಬಲ ಕಳೆದುಕೊಂಡ ಡಾ. ಮೇರಿ ವರ್ಗೀಸರ ಮುಂದಾಳುತನದಲ್ಲಿ 1966ರಲ್ಲಿ ಪುನರ್ವಸತಿ ಸಂಸ್ಥೆ ತೆರೆಯಿತು. ವಿದ್ಯೆ ಬಂದು ಎಪ್ಪತ್ತು ವರುಷಕ್ಕೂ ಮೇಲಾಯಿತು. ಅದು ಮೇಲವಂಕಿಯ ಹಾಸಿಗೆಯವರೆಗೆ ಬರಲು ಇನ್ನೆಷ್ಟು ವರುಷ ಬೇಕು?

2016ರ ಅಂಗವಿಕಲರ ಹಕ್ಕುಗಳ ಕಾಯದೆ ಒಳ್ಳೆಯ ಮಾತುಗಳನ್ನು ಆಡುತ್ತದೆ. ಹತ್ತಿರದಲ್ಲಿಯೇ, ವಿಶೇಷವಾಗಿ ಹಳ್ಳಿಗಳಲ್ಲಿ, ಉಚಿತ ಆರೋಗ್ಯ ಸೇವೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯವರ ಭತ್ಯೆ. ಆದರೆ ಸೇವೆಗೆ ಆದಾಯದ ಮಿತಿ, ಭತ್ಯೆಯಂಥ ಯೋಜನೆಗಳಿಗೆ ಸರಕಾರದ "ಆರ್ಥಿಕ ಶಕ್ತಿಯ ಮಿತಿ"! ಬಡವನ ಮನೆಯಲ್ಲಿ ಹೆಂಡತಿ ಕೂಲಿ ಬಿಟ್ಟು ಹಗಲಿರುಳು ಗಂಡನ ಮಗ್ಗಲು ಬದಲಿಸುತ್ತಾಳೆ. ಅವಳ ಶಕ್ತಿಗೆ ಮಿತಿ ಯಾವ ಕಾಯದೆಯಲ್ಲಿದೆ ಎಂದು ನಾವು ಕೇಳುತ್ತೇವೆ.

ವರುಷಕ್ಕೊಮ್ಮೆ ಮಂಟಪ ಹಾಕಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಗಾಲಿಕುರ್ಚಿ ಹಂಚುವ ಮಹಾಶಯರಿಗೂ ನಮ್ಮದೊಂದು ಪ್ರಶ್ನೆ. ಕುರ್ಚಿ ಬೇಕು, ಸರಿ. ಆದರೆ ಅದರಲ್ಲಿ ಕುಳಿತವನ ಮೂತ್ರದ ನಳಿಗೆ ಮುಂದಿನ ತಿಂಗಳು ಬದಲಿಸುವವರು ಯಾರು? ಅದರ ಫೋಟೋ ಚೆನ್ನಾಗಿ ಬರುವುದಿಲ್ಲವೆಂದು ಅದನ್ನು ಬಿಟ್ಟಿರೇ?

ನಮ್ಮ ಬೇಡಿಕೆಗಳು ಇಷ್ಟೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸು, ಆಶಾ ಕಾರ್ಯಕರ್ತೆಯರಿಗೆ ಈ ಎಚ್ಚರಿಕೆಯ ಪಾಠ ಕಲಿಸಬೇಕು. ನಳಿಗೆ, ಚೀಲ, ಬಿ.ಪಿ. ಯಂತ್ರಗಳನ್ನು ಇಂಥ ಮನೆಗಳಿಗೆ ಬಿಟ್ಟಿಯಾಗಿ, ತಪ್ಪದೆ ಒದಗಿಸಬೇಕು. ಆರೈಕೆ ಮಾಡುವವರಿಗೆ ಹೊಟ್ಟೆ ತುಂಬುವಷ್ಟು ಭತ್ಯೆ ಕೊಡಬೇಕು. ದವಾಖಾನೆಯಿಂದ ಮನೆಗೆ ಕಳಿಸುವ ಮುನ್ನ ಕನ್ನಡದಲ್ಲಿ ಬರೆದ ಚೀಟಿ ಕೈಗಿಡಬೇಕು.

ಗಿರಣಿ ಕೂಲಿಕಾರ ಬಾಂಧವರೇ, ಯಂತ್ರದ ಬಳಿ ನಿಲ್ಲುವ ನೀವು, ಹೇರು ಏರುವ ನಿಮ್ಮ ಮಕ್ಕಳು, ಮೋಟರ್‌ಸೈಕಲ್ಲಿನ ಮೇಲೆ ಸಂತೆ ತಿರುಗುವ ವ್ಯಾಪಾರಸ್ಥರು, ಯಾರೂ ಈ ಪೆಟ್ಟಿಗೆ ಹೊರತಲ್ಲ. ಬರುವ ಗ್ರಾಮಸಭೆಯಲ್ಲಿ, ನಿಮ್ಮ ಯೂನಿಯನ್ನಿನ ಸಭೆಯಲ್ಲಿ ಈ ಬೇಡಿಕೆಗಳ ಠರಾವು ಪಾಸು ಮಾಡಿಸಿ ತಹಶೀಲದಾರರಿಗೆ ಕಳಿಸಿರಿ. ನಿಮ್ಮ ಓಣಿಯಲ್ಲಿ ಇಂಥವರಿದ್ದರೆ ಇಂದೇ ಹೋಗಿ ಮೇಲೆ ಹೇಳಿದ ಕ್ರಮವನ್ನು ಮನೆಯವರಿಗೆ ಓದಿ ಹೇಳಿರಿ.