ಫಲಕದ ಮೇಲೆ ಯಾರ ಹೆಸರು?

ಮಹದೇವಪುರದ ಸುತ್ತ ಮೊದಲು ನೆಲೆಯೂರಿದ ಮನೆತನಗಳಿಗೆ ಸ್ಮಾರಕ ಫಲಕ ಬೇಕೆಂಬ ಮಾತು ಬಂದರೆ ಸಾಕು, ನಮ್ಮ ಇಂಗ್ಲಿಷ್ ಪತ್ರಿಕೆಗಳ ಮಿತ್ರರು ನೇರ ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ಲಿಗೆ ಓಡುತ್ತಾರೆ. ವಿನ್‌ಸ್ಟನ್ ಚರ್ಚಿಲ್ ಅಲ್ಲಿ ಪ್ರೇಮಪಾಶಕ್ಕೆ ಬಿದ್ದನೆಂಬ ಪುರಾಣವನ್ನೂ ಸೇರಿಸುತ್ತಾರೆ. ಓಡಲಿ. ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆಂದು ಡಿ.ಎಸ್. ವೈಟ್ ಅವರ ಸಂಘಕ್ಕೆ 1882ರಲ್ಲಿ ಚಾಮರಾಜ ಒಡೆಯರು 3,900 ಎಕರೆ ಕೊಟ್ಟದ್ದು ನೆನೆಯಬೇಕಾದ ಸಂಗತಿಯೇ. ನಮ್ಮ ತಕರಾರು, ಊರೇ ಅಲ್ಲಿಂದ ಶುರುವಾಯಿತೆಂದು ಬರೆಯುವವರ ಬಗ್ಗೆ.

ಪಕ್ಕದ ಕಾಡುಗೋಡಿಯ ಕಾಶಿ ವಿಶ್ವೇಶ್ವರ ಗುಡಿಯಲ್ಲಿ 1043ರ ಶಾಸನವಿದೆ. ರಾಜೇಂದ್ರ ಚೋಳನ ಕಾಲದಲ್ಲಿ ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಪಟ್ಟಂದೂರಿನ ಕೆರೆ ಕಟ್ಟಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠಾಪಿಸಿದನೆಂಬುದು ಅದರ ಸಾರ. ಅಪ್ಪನ ಹೆಸರು, ಮಗನ ಹೆಸರು, ಮಾಡಿದ ಕೆಲಸ. ಫಲಕವೆಂದರೆ ಹೀಗಿರಬೇಕು. ಅದು ತಮಿಳು ಶಾಸನವೆಂದು ಮುಖ ತಿರುಗಿಸುವ ವೀರಾಭಿಮಾನಿಗಳಿಗೂ ಒಂದು ಮಾತು: ಚೋಳರು ಆಳಿದ ಸೀಮೆಯಲ್ಲಿ ತಮಿಳು ಶಾಸನ ಸಿಗದೆ ಇನ್ನೇನು ಸಿಗಬೇಕು? ಆ ಕೆರೆಯ ನೀರುಂಡ ಗದ್ದೆಗಳು ನಮ್ಮವು, ಕಲ್ಲೂ ನಮ್ಮದೇ.

ಈಗಿನ ಕರಿಕಲ್ಲಿನ ಫಲಕ ನೋಡಿ. ಮೇಲೆ ‘ಅಮೃತಹಸ್ತದಿಂದ’, ಕೆಳಗೆ ‘ಘನ ಉಪಸ್ಥಿತಿ’, ಆಮೇಲೆ ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಕೊನೆಗೆ ಗುತ್ತಿಗೆದಾರರು. ಬಂಗಾರದ ಬಣ್ಣ ತುಂಬಿದ ಅಕ್ಷರಗಳೆಲ್ಲ ಇವರಿಗೇ ಮೀಸಲು. ಯಾರ ನೆನಪಿಗೆ ಕಲ್ಲು ನೆಟ್ಟರೋ ಅವರಿಗೆ ಒಂದೇ ಸಾಲು, ಅದರಲ್ಲೂ ಒಂದು ಒತ್ತಕ್ಷರ ಮಾಯ! ವೀಳ್ಯದೆಲೆ ವ್ಯಾಪಾರದಲ್ಲಿ ಗಳಿಸಿದ ದುಡ್ಡನ್ನು ಕೆ.ಆರ್. ಪುರದ ಬಳಿ ಕೆರೆಗೆ ಸುರಿದ ಎಲೆ ಮಲ್ಲಪ್ಪ ಶೆಟ್ಟರಿಗೆ ಇಂಥದೊಂದು ಕಲ್ಲು ನಿಲ್ಲಿಸಿ, ಅವರ ಕೆರೆಗೆ ಕೊಳಚೆ ಬಿಟ್ಟರೆ ಅದು ಗೌರವವಲ್ಲ, ಲೇವಡಿ.

ದಾರಿ ಗೊತ್ತಿಲ್ಲವೆನ್ನುವಂತಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಊರವರೂ ಶಾಸನಪ್ರೇಮಿಗಳೂ ಕೈಜೋಡಿಸಿದ್ದರಿಂದ ಅದಕ್ಕೊಂದು ಮಂಟಪವಾಯಿತು. ಕಾಡುಗೋಡಿಯ ಶಾಸನದ ಕನ್ನಡ ಸಾರವನ್ನು ಕೆತ್ತಿಸಿ ಪಟ್ಟಂದೂರು ಕೆರೆಯ ಏರಿಯ ಮೇಲೆ ನಿಲ್ಲಿಸಲು ಯಾವ ಮಂತ್ರಿಯೂ ಬೇಕಿಲ್ಲ. ಉದ್ಘಾಟಕರ ಹೆಸರಂತೂ ಬೇಡವೇ ಬೇಡ.

ಪೂರ್ವ ಬೆಂಗಳೂರಿನ ಶಾಸನಗಳು ಈ ಸಂಚಿಕೆಯ ವಿಶೇಷ. ನಿಮ್ಮೂರ ಗುಡಿಯ ಹಿಂದೆ ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ಅಕ್ಷರಗಳಿದ್ದರೆ, ಮೊದಲು ಒಗೆಯುವುದನ್ನು ನಿಲ್ಲಿಸಿ, ಆಮೇಲೆ ನಮಗೆ ಬರೆಯಿರಿ.