ದೂರದರ್ಶಕವೂ ದೂರದ ವಿದ್ಯಾರ್ಥಿಯೂ

ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ, ಎರಡು ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವೊಂದಿದೆ. ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ ಆ ಯಂತ್ರ ಮೊದಲ ಸಲ ತಾರೆಯ ಬೆಳಕನ್ನು ಕಂಡದ್ದು 2000ದಲ್ಲಿ. ಯಂತ್ರವನ್ನು ನೋಡಿಕೊಳ್ಳುವ ಕೆಲವರು ಅಲ್ಲಿದ್ದಾರೆ, ನಿಜ. ಆದರೆ ಅದಕ್ಕೆ ಆಜ್ಞೆ ಹೋಗುವುದು ನಮ್ಮ ಹೊಸಕೋಟೆಯಿಂದ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದೂರವನ್ನು ಉಪಗ್ರಹದ ಮೂಲಕ ದಾಟಿ ಆಜ್ಞೆ ಹೋಗುತ್ತದೆ, ಚಿತ್ರ ಬರುತ್ತದೆ.

ಹಾಗಿದ್ದಲ್ಲಿ ನನ್ನದೊಂದು ಪ್ರಶ್ನೆ. ಹೊಸಕೋಟೆಗೆ ಹಾನ್ಲೆ ಎಟುಕುವುದಾದರೆ, ನಮ್ಮ ಮೂಗೂರಿನ ಮಕ್ಕಳಿಗೆ ಅಂಥದೊಂದು ದೂರದರ್ಶಕ ಏಕೆ ಎಟುಕಬಾರದು? ಇಲ್ಲಿಂದ ನರಸೀಪುರಕ್ಕೋ ಮೈಸೂರಿಗೋ ಹೋಗಿ ಭೌತವಿಜ್ಞಾನ ಓದುವವರು ನಕ್ಷತ್ರದ ಉಷ್ಣತೆಯ ಸೂತ್ರವನ್ನು ಬಾಯಿಪಾಠ ಒಪ್ಪಿಸಬಲ್ಲರು. ಒಂದು ನಕ್ಷತ್ರವನ್ನಾದರೂ ತಾವಾಗಿ ಅಳೆದವರು ಎಷ್ಟು ಮಂದಿ?

ಸಂಶೋಧಕರ ಅಮೂಲ್ಯ ರಾತ್ರಿಗಳನ್ನು ಕಸಿದು ಕಲಿಯುವವರಿಗೆ ಕೊಡಿ ಎಂದು ನಾನು ಹೇಳುವುದಿಲ್ಲ. ಅಷ್ಟು ದೊಡ್ಡ ಯಂತ್ರ ಬೇಕಾಗಿಯೂ ಇಲ್ಲ. ಭಾರತೀಯ ಖಭೌತವಿಜ್ಞಾನ ಸಂಸ್ಥೆಯೂ ಮುಂಬಯಿಯ ಐ.ಐ.ಟಿ.ಯೂ ಕೂಡಿ ಅದೇ ಹಾನ್ಲೆಯಲ್ಲಿ 2018ರಲ್ಲಿ ನಿಲ್ಲಿಸಿದ ದೂರದರ್ಶಕದ ಕನ್ನಡಿ ಕೇವಲ 0.7 ಮೀಟರ್, ಅದು ತಾನಾಗಿಯೇ ಆಕಾಶವನ್ನು ಅರಸುತ್ತದೆ. ಬೆಳಕು ಏರಿಳಿಯುವ ತಾರೆಗಳನ್ನು ಅಳೆಯಲು ಇನ್ನೂ ಸಣ್ಣದು ಸಾಕು. ನಾಡಿನ ವಿಶ್ವವಿದ್ಯಾನಿಲಯಗಳು ಒಂದುಗೂಡಿ ಕತ್ತಲುಳ್ಳ ಎಡೆಯಲ್ಲಿ ಅಂಥದೊಂದನ್ನು ನಿಲ್ಲಿಸಿ, ಕಾಲೇಜು ಕಾಲೇಜಿಗೂ ಸರದಿ ಕೊಡಲಾಗದೆ?

ಒಳ್ಳೆಯ ಚಿತ್ರಗಳು ಬೇಕಾದಷ್ಟು ಸಿಗುವಾಗ ಈ ತೊಡಕೇಕೆ ಎನ್ನುವವರಿದ್ದಾರೆ. ಚಿತ್ರಕ್ಕಾಗಿ ಅಲ್ಲ, ಕಾವಲಿಗಾಗಿ ಎಂಬುದು ನನ್ನ ಉತ್ತರ. ನಮ್ಮ ಕಡೆ ನಾಲೆಯ ನೀರಿನ ಸರದಿ ನಡುರಾತ್ರಿ ಬಂದರೆ ರೈತ ನಡುರಾತ್ರಿಯೇ ಏಳುತ್ತಾನೆ. ಬದು ಒಡೆಯದಂತೆ ಬೆಳಗಿನ ತನಕ ಕಾಯುತ್ತಾನೆ. ದೂರದ ಯಂತ್ರವನ್ನು ನಡೆಸುವ ವಿದ್ಯಾರ್ಥಿಗೂ ಅದೇ ಹೊಣೆ. ಗಾಳಿ ಎಷ್ಟಿದೆ, ತೇವ ಏರುತ್ತಿದೆಯೆ, ಮೋಡ ಕವಿಯುತ್ತಿದೆಯೆ, ಗುಮ್ಮಟ ಮುಚ್ಚಬೇಕೆ? ಅವನು ತಪ್ಪಿದರೂ ಗುಮ್ಮಟ ತಾನಾಗಿ ಮುಚ್ಚುವ ಏರ್ಪಾಟು ಇರಲಿ. ಆದರೆ ಮೊದಲ ತೀರ್ಮಾನ ಅವನದಾಗಲಿ. ಮೋಡ ಕವಿದು ಅಳತೆ ಕೆಟ್ಟ ರಾತ್ರಿಯನ್ನು ಕೆಟ್ಟದ್ದೆಂದೇ ಪುಸ್ತಕದಲ್ಲಿ ಬರೆಯುವ ಪ್ರಾಮಾಣಿಕತೆಯನ್ನು ಯಾವ ಪಠ್ಯಪುಸ್ತಕ ಕಲಿಸೀತು?

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಾಲೆಯ ತಲೆಯಲ್ಲಿರುವವರು ನೀರನ್ನೆಲ್ಲ ಹಿಡಿದುಕೊಂಡರೆ ಕೊನೆಯ ಗದ್ದೆ ಒಣಗುತ್ತದೆ. ದೂರದರ್ಶಕದ ವೇಳೆಯೂ ಪಟ್ಟಣದ ಹೆಸರುವಾಸಿ ಕಾಲೇಜುಗಳಲ್ಲೇ ಇಂಗಿಹೋಗಬಾರದು. ಆದ್ದರಿಂದ ಸರದಿಯ ಪಟ್ಟಿಯನ್ನು ಕೊನೆಯಿಂದಲೇ ಬರೆಯತಕ್ಕದ್ದು. ದೂರವನ್ನು ಗೆದ್ದ ವಿದ್ಯೆ ದೂರದವರನ್ನು ಮರೆತರೆ ಗೆದ್ದುದೇನು?